ಸಾಹೇಬರು ಸ್ನಾನಕ್ಕೆ ಹೋಗಿದ್ದಾರೆ

ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೇಣ ಗಟ್ಟಿಯಾಗಿ ಕೂತಿತ್ತು. ಮೊಂಡು ಚಾಕುವಿನ ತುದಿಯನ್ನು ಅಡಿಗೆ ತೂರಿಸಿ ಮೀಟಿದರೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಬರುತ್ತಿತ್ತು. ಕೆಲವು ಕಡೆ ಕಟ್ಟೆಯ ಬಣ್ಣವನ್ನೂ ಕಿತ್ತುಕೊಂಡೇ ಬರುತ್ತಿತ್ತು. ಬಾಡಿದ ಹೂವನ್ನು ಆಗಲೇ ಗುಡಿಸಿ ಚೀಲಕ್ಕೆ ತುಂಬಿಯಾಗಿತ್ತು. ಇನ್ನು ಫೋಟೋದ ಗಾಜು ಒರೆಸಬೇಕು. ಒಳಗೆ ಹಾಲು ಒಲೆಯ ಮೇಲಿತ್ತು.

ಜನರಲ್ ಸಾಹೇಬರು ತೀರಿಹೋದಂದಿನಿಂದ ಸಂಜೆಯಾದರೆ ಜನ ಬಂದು ಗೇಟಿನ ಮುಂದೆ ಮೇಣದಬತ್ತಿ ಹಚ್ಚಿ ಹೋಗುತ್ತಿದ್ದರು. ಹಚ್ಚುವವರು ಊರವರು, ಕೆರೆಯುವವಳು ಮನೆಯ ಸೊಸೆ.

"ಏನಮ್ಮಾ, ಇಲ್ಲೇ ಕೆಲಸಕ್ಕಿದ್ದೀಯಾ?"

ಅವಳು ತಲೆಯೆತ್ತಿದಳು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ತನ್ನ ಹಳೇ ಬಟ್ಟೆ, ಕೆದರಿದ ತಲೆ, ಕೈಯಲ್ಲಿನ ಚಾಕು ನೋಡಿದರೆ ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನಿರಲಿಲ್ಲ.

"ಹ್ಞೂಂ," ಅಂದಳು. ಪೂರ್ತಿ ಸುಳ್ಳೂ ಅಲ್ಲ.

"ಆ ಚಹಾ ಕೊಟ್ಟವನು ಇನ್ನೂ ಇಲ್ಲೇ ಇದ್ದಾನಾ?"

"ಯಾರು?"

"ಅದೇ, ಆ ಸಿಪಾಯಿ. ಟೀವೀಲಿ ದಿನಾ ತೋರಿಸ್ತಾರಲ್ಲ. ಚಹಾ ಕೊಟ್ಟು, ಲೋಟ ತೊಳೆದು ಬೋರಲು ಹಾಕಿದನಂತೆ. ಹೆಣ ತಣ್ಣಗಾಗೋ ಮೊದಲೇ ಲೋಟ ತಣ್ಣಗಾಯ್ತು ಅಂತ ಊರೆಲ್ಲ ಆಡ್ಕೋತಿದೆ."

"ಈ ಮನೇಲಿ ಲೋಟ ಯಾವಾಗ್ಲೂ ಆಗಿಂದಾಗ್ಲೇ ತೊಳೀತಾರೆ."

"ಅಯ್ಯೋ, ನೀನೇನು ಬಲ್ಲೆ ಬಿಡು ದೊಡ್ಡವರ ಮನೆ ಮರ್ಮ." ಹೆಂಗಸು ಚೀಲ ಕೆಳಗಿಟ್ಟು ದನಿ ತಗ್ಗಿಸಿದಳು. "ಸೊಸೆನೂ ಸೇರಿದ್ದಾಳಂತೆ. ಮುದುಕರ ಪ್ರಾಣ ಹೋದ ಮೇಲೂ ಫೋನೆತ್ತಿ 'ಸ್ನಾನಕ್ಕೆ ಹೋಗಿದ್ದಾರೆ' ಅಂದಳಂತೆ ಮಹಾತಾಯಿ! ಗೇಟಲ್ಲಿ ಅವನೂ ಅದೇ ಮಾತು, ಒಳಗೆ ಇವಳೂ ಅದೇ ಮಾತು. ಒಂದಕ್ಷರ ಆಚೆ ಈಚೆ ಇಲ್ಲ. ಕಲಿತ ಪಾಠ ಅಲ್ಲದೆ ಮತ್ತೇನು?"

"ಕಲಿತ ಪಾಠವೇ," ಅಂದಳು ಸೊಸೆ, ಮೇಣ ಮೀಟುತ್ತ.

"ನೋಡು, ನಿನಗೂ ಗೊತ್ತು! ಹುಷಾರಾಗಿರಮ್ಮ. ಈ ಮನೇಲಿ ಏನು ಕೊಟ್ರೂ ಕುಡೀಬೇಡ."

ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಸೊಸೆ ಚಾಕು ಬಿಟ್ಟು ಓಡಿದಳು.

ನಿಜಕ್ಕೂ ಅದು ಕಲಿತ ಪಾಠವೇ. ಕಲಿಸಿದವರು ಜನರಲ್ ಸಾಹೇಬರೇ.

ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಬೆನ್ನು ಬಾಗಿರಲಿಲ್ಲ, ಮೀಸೆ ತಗ್ಗಿರಲಿಲ್ಲ. ಆದರೆ ಎರಡು ವರ್ಷದ ಕೆಳಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದರು. ಮುಖ ಬೂದಿಯಾಗಿತ್ತು. ಡಾಕ್ಟರನ್ನು ಕರೆಯುತ್ತೇನೆಂದು ಎದ್ದ ಸೊಸೆಯನ್ನು ಬರೀ ಕೈಯೆತ್ತಿ ತಡೆದರು. ಉಸಿರು ಸರಿಯಾದ ಮೇಲೆ ಹೆಂಡತಿ, ಮಗ, ಸೊಸೆ, ಮೊಮ್ಮಗಳು, ಆಳು ಎಲ್ಲರನ್ನೂ ಊಟದ ಮೇಜಿನ ಸುತ್ತ ನಿಲ್ಲಿಸಿ ಅಪ್ಪಣೆ ಕೊಟ್ಟರು.

"ದಂಡನಾಯಕ ಕೆಮ್ಮಿದರೆ ದಂಡಿಗೆಲ್ಲ ಜ್ವರ. ಇದು ಗೇಟು ದಾಟಬಾರದು. ಡಾಕ್ಟರೂ ಬೇಡ, ಡಾಕ್ಟರ ಹೊಟ್ಟೇಲಿ ಮಾತು ನಿಲ್ಲೋದಿಲ್ಲ. ಹೀಗಾದಾಗ ಯಾರೇ ಬರಲಿ, ಫೋನ್ ಮಾಡಲಿ, ಒಂದೇ ಉತ್ತರ: ಸ್ನಾನಕ್ಕೆ ಹೋಗಿದ್ದಾರೆ. ಮಲಗಿದ್ದಾರೆ ಅನ್ನಬೇಡಿ, ಹಗಲು ಮಲಗೋನು ಸೋಮಾರಿ. ಹೊರಗೆ ಹೋಗಿದ್ದಾರೆ ಅನ್ನಬೇಡಿ, ಕಾಯ್ತಾ ಕೂರ್ತಾರೆ. ಸ್ನಾನ ಮಾಡೋನನ್ನ ಯಾರೂ ಏನೂ ಕೇಳೋದಿಲ್ಲ."

ಆಮೇಲೆ ಅದು ಮನೆಯ ಕವಾಯತಿನಂತೆ ಆಯಿತು. ಎದೆನೋವು ಹೆಚ್ಚಿದ ಹಾಗೆ ಸ್ನಾನವೂ ಹೆಚ್ಚಿತು. ಕಾಲೇಜಿಗೆ ಹೋಗುವ ಮೊಮ್ಮಗಳು, "ನಮ್ಮ ತಾತನಷ್ಟು ಚೊಕ್ಕಟವಾದ ಮನುಷ್ಯ ಈ ದೇಶದಲ್ಲೇ ಇಲ್ಲ, ಮೀನಿಗೂ ನಾಚಿಕೆ ಆಗಬೇಕು," ಅಂದು ಎಲ್ಲರನ್ನೂ ನಗಿಸಿದ್ದಳು. ಸಾಹೇಬರೂ ನಕ್ಕಿದ್ದರು, ಎದೆ ಒತ್ತಿಕೊಂಡು.

ಸಾಯುವುದಕ್ಕೆ ಕೆಲವು ದಿನ ಮುಂಚೆ ಅವರು ಪತ್ರಿಕೆಯವರ ಮುಂದೆ ಒಂದು ಮಾತು ಆಡಿದ್ದರು. ಹಳೇ ಯುದ್ಧದಲ್ಲಿ ಸೇತುವೆಯೊಂದನ್ನು ಹಿಡಿಯಹೋಗಿ ನೂರಾರು ಸೈನಿಕರು ಸತ್ತಿದ್ದರಲ್ಲ, ಹಿಂದಕ್ಕೆ ಬನ್ನಿ ಅನ್ನಬೇಕಾದ ಹೊತ್ತಿನಲ್ಲಿ ಮುಂದಕ್ಕೆ ಹೋಗಿ ಅಂದವರು ಯಾರು ಅಂತ ಬರುವ ಭಾನುವಾರ ಪುರಭವನದಲ್ಲಿ ಹೇಳುತ್ತೇನೆ ಅಂದಿದ್ದರು. ಹೇಳುವ ಮೊದಲೇ ಹೋದರು. ಊರಿಗೆ ಅನುಮಾನ ಹುಟ್ಟಲು ಇನ್ನೇನು ಬೇಕು?

ಆ ಬೆಳಿಗ್ಗೆ ಬೂಟಣ್ಣ ಎಂದಿನಂತೆ ಚಹಾ ಕೊಟ್ಟಿದ್ದ. ಸೈನ್ಯದಲ್ಲಿ ಸಾಹೇಬರ ಬೂಟು ತಿಕ್ಕುತ್ತಿದ್ದವನು, ಅವರ ಜೊತೆಗೇ ನಿವೃತ್ತನಾಗಿ ಹಿತ್ತಲ ಮನೆಗೆ ಬಂದವನು. ಮಕ್ಕಳು ಇಟ್ಟ ಹೆಸರು ಅದು; ಅವನ ನಿಜವಾದ ಹೆಸರು ಈಗ ಪೇಪರಿನಲ್ಲಿ ಬಂದಾಗ ಮನೆಯವರಿಗೇ ಯಾರೋ ಬೇರೆಯವನ ವಿಷಯ ಓದಿದ ಹಾಗಾಗಿತ್ತು. ಸಾಹೇಬರು ಅರ್ಧ ಲೋಟ ಕುಡಿದರು. ನೋವು ಬಂತು. ಮಲಗಿಸಿದರು. ಬೂಟಣ್ಣ ಲೋಟ ಎತ್ತಿಕೊಂಡು ಹೋಗಿ ತೊಳೆದ. ಸೊಸೆ ಡಾಕ್ಟರಿಗೆ ಅಂತ ಎದ್ದಳು, ಸಾಹೇಬರ ಕೈ ಮೇಲೆದ್ದಿತು. ಕೂತಳು. ಪ್ರತಿ ಸಲವೂ ಪೇಪರು ಬರುವ ಹೊತ್ತಿಗೆ ಸರಿಯಾಗುತ್ತಿತ್ತು, ಈ ಸಲವೂ ಆಗುತ್ತದೆ ಅಂತ ಅತ್ತೆ, ಗಂಡ, ಅವಳು ಮೂವರೂ ಕಾದರು. ಪುರಭವನದ ಸಭೆಯ ಸಂಘಟಕರ ಫೋನ್ ಬಂತು. ಅವಳು ಎದ್ದುಹೋಗಿ ಸ್ನಾನಕ್ಕೆ ಹೋಗಿದ್ದಾರೆ ಅಂದಳು. ಗೇಟಿಗೆ ವರದಿಗಾರ ಬಂದ. ಬೂಟಣ್ಣ ಅದನ್ನೇ ಅಂದ. ಪೇಪರೂ ಬಂತು. ಯಾವ ಉಸಿರು ಕೊನೆಯದು ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಕರೆಸಿದ ಡಾಕ್ಟರು ಪ್ರಾಣ ಹೋಗಿ ಬಹಳ ಹೊತ್ತಾಗಿದೆ ಅಂದರು. ಹೃದಯ ನಿಂತು ಸಾವು ಅಂತ ಬರೆದುಕೊಟ್ಟರು. "ಹೃದಯ ನಿಲ್ಲದೆ ಯಾರಾದರೂ ಸತ್ತದ್ದುಂಟಾ?" ಅಂತ ಟೀವಿಯವನು ಕೇಳಿದ. ಅಂದು ಸಂಜೆಗೇ ದಹನ ಮುಗಿಸಿದ್ದು ಅತ್ತೆಯ ಹಟ. ಅದೂ ತಪ್ಪಾಯಿತು.

"ಅನ್ನ ಸ್ವಲ್ಪ ಗಟ್ಟಿಯಾಗಿದೆ," ಅಂದ ಗಂಡ, ರಾತ್ರಿ ಊಟಕ್ಕೆ ಕೂತು.

"ಸಮಿತಿಯವರಿಗೆ ಮೂರನೇ ಸಲ ಚಹಾ ಮಾಡ್ತಾ ಇದ್ದೆ. ಒಲೆ ಎರಡೇ ಇರೋದು."

ಗಂಡನಿಗೆ ಸಿಮೆಂಟ್ ಕಂಪನಿಯ ಉಗ್ರಾಣದಲ್ಲಿ ಕೆಲಸ. ಇಷ್ಟು ವರ್ಷ ಅವನನ್ನು ಯಾರಾದರೂ ಪರಿಚಯಿಸಿದರೆ ಜನರಲ್ ಸಾಹೇಬರ ಮಗ ಅನ್ನುತ್ತಿದ್ದರು. ಜನ ಅವನ ಕೈ ಕುಲುಕುತ್ತ ಅವನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡುತ್ತಿದ್ದರು. ಈಗ ಹಾಗಲ್ಲ. ಊರಿನವರು ಸತ್ಯ ಹೊರಬರಲಿ ಅಂತ ಹೋರಾಟ ಸಮಿತಿ ಕಟ್ಟಿ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ಸಂಜೆ ನಡುಮನೆಯಲ್ಲಿ ಸಭೆ. ಅವನು ಮಾತಾಡಿದರೆ ಬೇರೆಯವರು ಸುಮ್ಮನಾಗುತ್ತಿದ್ದರು. ಒಂದಿಷ್ಟು ದಿನದಲ್ಲಿ ಅವನ ಬೆನ್ನೂ ನೆಟ್ಟಗಾಗಿತ್ತು.

"ಸರ್ಕಾರ ಹೇಗೆ ಮಣೀತು ನೋಡಿದ್ಯಾ? ವಿಚಾರಣೆಗೆ ಆಯೋಗ ಮಾಡಿದ್ದಾರೆ. ನಿವೃತ್ತ ನ್ಯಾಯಾಧೀಶರು. ಸೇತುವೆ ವಿಷಯನೂ ಅದರಲ್ಲೇ ಬರತ್ತೆ. ಅಪ್ಪ ಬದುಕಿದ್ದು ಹೇಳಿದ್ರೂ ಇಷ್ಟು ಆಗ್ತಿರಲಿಲ್ಲ."

"ಬೂಟಣ್ಣನ್ನ ಆಯೋಗದವರು ಇವತ್ತೂ ಕರೆಸಿದ್ರಂತೆ," ಅಂದಳು ಅವಳು, ಅತ್ತೆಯ ತಟ್ಟೆಗೆ ಬೇಯಿಸಿದ ತರಕಾರಿ ಬಡಿಸುತ್ತ. "ಬೆಳಿಗ್ಗೆ ಹೋದವನು ಸಂಜೆ ಬಂದ. ಬೆಂಚಿನ ಮೇಲೆ ಕೂರಿಸಿ ಅದನ್ನೇ ತಿರುಗಿಸಿ ತಿರುಗಿಸಿ ಕೇಳ್ತಾರಂತೆ."

"ಕೇಳ್ತಾರೆ. ವಿಚಾರಣೆ ಅಂದ್ರೆ ಅದೇ."

"ನೀವು ನಿನ್ನೆ ಟೀವೀಲಿ ಏನಂದ್ರಿ?"

"ಏನಂದೆ?"

"ನಮ್ಮ ತಂದೆ ಗುಂಡುಕಲ್ಲಿನ ಹಾಗಿದ್ದರು, ಒಂದು ದಿನ ತಲೆನೋವು ಅಂದವರಲ್ಲ ಅಂದ್ರಿ."

ಗಂಡ ನೀರು ಕುಡಿದ. "ಜನ ಕೇಳೋದೇ ಅದನ್ನ. ನಾನು ಯಾರ ಮೇಲೂ ಬೊಟ್ಟು ಮಾಡಿಲ್ಲ. ಬೂಟಣ್ಣನ ಹೆಸರೆತ್ತಿದ್ದೀನಾ? ಹೇಳು ನೋಡೋಣ."

"ಗುಂಡುಕಲ್ಲಿನ ಹಾಗಿದ್ದ ಮನುಷ್ಯ ಚಹಾ ಕುಡಿದು ಸತ್ತ ಅಂದ ಮೇಲೆ ಹೆಸರು ಬೇರೆ ಹೇಳಬೇಕಾ?"

"ಊಟ ಮಾಡುವಾಗ ಜಗಳ ಬೇಡ," ಅಂದರು ಅತ್ತೆ. "ಆ ಉಪ್ಪು ಇತ್ತ ಕೊಡು."

ಹಿತ್ತಲ ಮನೆಯ ಕಿಟಕಿಯ ಪಕ್ಕ ಬೂಟಣ್ಣನ ಹೆಂಡತಿಯ ಹೊಲಿಗೆ ಯಂತ್ರ. ಮೋಟರಿನದು, ಹೊಸದು. ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಪರದೆ, ಏನು ಕೊಟ್ಟರೂ ಹೊಲಿಯುತ್ತಿದ್ದಳು. ಕಾಲಲ್ಲಿ ತುಳಿದು ತುಳಿದು ಮಂಡಿ ಹೋಗಿದೆ ಅಂತ ಸಾಹೇಬರೇ ಕಳೆದ ಚಳಿಗಾಲದಲ್ಲಿ ಕೊಡಿಸಿದ್ದು. ಸೊಸೆಯೇ ಜೊತೆಗೆ ಹೋಗಿ ಆರಿಸಿದ್ದಳು. ಈಗ ಅದರ ಫೋಟೋ ಪೇಪರಿನಲ್ಲಿ ಬಂದಿತ್ತು. ಆಳಿನ ಮನೆಗೆ ಇಂಥ ಯಂತ್ರ ಎಲ್ಲಿಂದ ಬಂತು, ಕೊಡಿಸಿದವರಾರು ಅಂತ ಕೆಳಗೆ ದಪ್ಪಕ್ಷರ.

ಸೊಸೆ ಹರಿದ ಹಾಸಿಗೆ ವಸ್ತ್ರ ಹಿಡಿದುಕೊಂಡು ಹೋದಾಗ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು.

"ಕೆಲಸ ಇಲ್ವಾ?"

"ಬನ್ನಿ ಅಕ್ಕ. ಕೆಲಸ ಎಲ್ಲಿಂದ? ಬೆಳಿಗ್ಗೆ ಟೀಚರಮ್ಮ ಬಂದು ಬಟ್ಟೆ ವಾಪಸ್ ತಗೊಂಡು ಹೋದ್ರು. ಕತ್ತರಿಸಿಟ್ಟಿದ್ದೆ. ತೋಳು ಬೇರೆ, ಕಾಲರು ಬೇರೆ, ಹಾಗೇ ಚೀಲಕ್ಕೆ ತುರುಕಿಕೊಂಡ್ರು. 'ಬೇರೆಯವರ ಹತ್ರ ಹೊಲಿಸ್ತೀನಿ, ಬೇಜಾರು ಮಾಡ್ಕೋಬೇಡ' ಅಂದ್ರು. ನಾನ್ಯಾಕೆ ಬೇಜಾರು ಮಾಡ್ಕೊಳ್ಳಿ? ಬೇರೆಯವಳು ಕತ್ತರಿಸಿದ ತೋಳು ಕೂರಿಸೋಕೆ ಯಾವಳು ಒಪ್ತಾಳೆ, ನೋಡ್ತೀನಿ."

ನಗುತ್ತಲೇ ಹೇಳಿದಳು, ಹೇಳಿ ಮುಗಿಸಿ ಯಂತ್ರಕ್ಕೆ ಮುಚ್ಚಿದ ಬಟ್ಟೆಯನ್ನು ಎಳೆದು ಸರಿಮಾಡಿದಳು.

ಬೂಟಣ್ಣ ಹೊಸಿಲ ಮೇಲೆ ಕೂತು ತನ್ನದೇ ಹಳೇ ಬೂಟು ತಿಕ್ಕುತ್ತಿದ್ದ. ಸೊಸೆ ಬಂದದ್ದಕ್ಕೆ ಎದ್ದು ನಿಂತ.

"ಕೂತ್ಕೋ ಬೂಟಣ್ಣ. ಆಯೋಗದಲ್ಲಿ ಏನಂದೆ?"

"ಅದೇ, ಚಿಕ್ಕಮ್ಮಾವ್ರೇ. ಸಾಹೇಬರು ಸ್ನಾನಕ್ಕೆ ಹೋಗಿದ್ರು ಅಂದೆ."

"ಅವರು ಸತ್ತದ್ದು ಎಲ್ಲರಿಗೂ ಗೊತ್ತಲ್ಲ ಮಾರಾಯ! ಇನ್ನೂ ಅದನ್ನೇ ಹೇಳ್ತೀಯಾ?"

"ಆ ಹೊತ್ತಿಗೆ ಗೇಟಲ್ಲಿ ಏನಂದೆ ಅಂತ ಕೇಳ್ತಾರೆ, ಅದನ್ನ ಹೇಳ್ತೀನಿ. ಯಾಕಂದೆ ಅಂತ ಕೇಳಿದ್ರೆ ಸುಮ್ಮನಾಗ್ತೀನಿ."

"ಯಾಕೆ ಸುಮ್ಮನಾಗ್ತೀಯ? ಕಾಯಿಲೆ ಇತ್ತು ಅನ್ನು."

ಬೂಟಣ್ಣ ಬೂಟಿನ ಮೂತಿಯನ್ನು ಬಟ್ಟೆಯಿಂದ ಒಮ್ಮೆ ಒರೆಸಿದ. "ಗೇಟು ದಾಟಬಾರದು ಅಂತ ಅಪ್ಪಣೆ ಅಲ್ವರಾ? ಕೊಟ್ಟ ಅಪ್ಪಣೆ ವಾಪಸ್ ತಗೊಳ್ಳೋಕೆ ಕೊಟ್ಟವರೇ ಬರಬೇಕು. ಅವರು ಬರೋ ಹಾಗಿಲ್ಲ."

"ನೋಡಿದ್ರಾ?" ಅಂದಳು ಹೆಂಡತಿ. "ರಾತ್ರಿಯೆಲ್ಲ ಬಡ್ಕೊಂಡೆ. ಕಲ್ಲಿಗಾದ್ರೂ ಕಿವಿ ಬರತ್ತೆ, ಇವರಿಗೆ ಬರಲ್ಲ. ಅಕ್ಕ, ಇವರನ್ನ ಜೈಲಿಗೆ ಹಾಕ್ತಾರಾ?"

"ಇಲ್ಲ."

"ಹಾಕ್ತಾರೆ ಅಂತ ಅಂಗಡಿಯವನು ಅಂದ. ಉಪ್ಪು ಕೊಡೋಕೂ ಮುಖ ನೋಡ್ಲಿಲ್ಲ."

ಸೊಸೆ ಹಾಸಿಗೆ ವಸ್ತ್ರ ಕೊಟ್ಟಳು. ಹೆಂಡತಿ ಯಂತ್ರದ ಬಟ್ಟೆ ಸರಿಸಿ, ಕಿಟಕಿ ಮುಚ್ಚಿ, ಆಮೇಲೆ ಹೊಲಿಯಲು ಕೂತಳು. ಯಂತ್ರದ ಸದ್ದು ಬೀದಿಗೆ ಕೇಳಿದರೂ ಕಷ್ಟ.

ಅತ್ತೆಯ ಹತ್ತಿರ ಮಾತು ತೆಗೆಯಲು ಒಳ್ಳೆಯ ಹೊತ್ತೆಂದರೆ ಅವರ ತಲೆ ಬಾಚುವಾಗ. ಎದುರಿಗೆ ಕೂತು ಮಾತಾಡಿದರೆ ಜನರಲ್ ಸಾಹೇಬರ ಹೆಂಡತಿ. ಬೆನ್ನು ಮಾಡಿ ಕೂತರೆ ಮುದುಕಿ.

"ಅತ್ತೆ, ಬೂಟಣ್ಣನ ಕಥೆ ಎಲ್ಲಿಗೆ ಬಂತು ಅಂತ ಗೊತ್ತಲ್ಲ?"

"ಹ್ಞೂಂ."

"ಮಾವನಿಗೆ ಎದೆನೋವಿತ್ತು ಅಂತ ನೀವು ಒಂದು ಮಾತು ಅಂದ್ರೆ ಮುಗೀತು. ನೀವು ಹೇಳಿದ್ರೆ ಎದುರಾಡೋರಿಲ್ಲ."

"ಬಾಚಣಿಗೆ ಮೆಲ್ಲಗೆ," ಅಂದರು ಅತ್ತೆ. "ನಿನಗೆ ಎರಡು ವರ್ಷದ್ದು ಗೊತ್ತು. ನಾನು ಮದುವೆಯಾದಾಗಿಂದ ಆ ಮನುಷ್ಯನ ಕೆಮ್ಮು ಹೊರಗೆ ಕೇಳದ ಹಾಗೆ ರೇಡಿಯೋ ಜೋರು ಮಾಡಿದವಳು. ಯುದ್ಧದಿಂದ ಬಂದಾಗ ನಿದ್ದೇಲಿ ಕಿರುಚ್ತಿದ್ರು. ಪಕ್ಕದ ಕ್ವಾರ್ಟರ್ಸಿನವರು ಕೇಳಿದ್ರೆ, ನನಗೆ ಕೆಟ್ಟ ಕನಸು ಬೀಳತ್ತೆ, ನಾನೇ ಕಿರುಚೋದು ಅಂತಿದ್ದೆ. ಅವರ ಹೆಂಗಸರೆಲ್ಲ ನನಗೆ ತಾಯತ ಕಟ್ಟೋಕೆ ಬಂದ್ರು."

ಸೊಸೆಗೆ ನಗು ಬಂತು. ಅತ್ತೆಯ ಬೆನ್ನೂ ಅಲುಗಿತು.

"ಅಷ್ಟೆಲ್ಲ ಮುಚ್ಚಿಟ್ಟು, ಈಗ ಬೂದಿಯಾದ ಮೇಲೆ ಅವರನ್ನ ರೋಗಿ ಮಾಡ್ಲಾ?"

"ಬದುಕಿರೋನು ಕೊಲೆಗಾರ ಆಗ್ತಿದ್ದಾನಲ್ಲ ಅತ್ತೆ."

"ಅವನು ಸಿಪಾಯಿ. ತಡ್ಕೋತಾನೆ."

"ಅವನ ಹೆಂಡತಿ ಸಿಪಾಯಿ ಅಲ್ಲ."

ಅತ್ತೆ ಜಡೆ ಮುಗಿದ ಮೇಲೆ ಕೈಯಿಂದ ಮುಟ್ಟಿ ನೋಡಿಕೊಂಡು, "ಬಿಗಿ ಆಯ್ತು," ಅಂದು ಎದ್ದರು.

ಮಗಳು ಆ ದಿನ ತಾತನ ಸಾವಿಗೆ ನ್ಯಾಯ ಕೇಳುವ ಕಾಲೇಜಿನ ಮೆರವಣಿಗೆ ಮುಗಿಸಿ ಬಂದಿದ್ದಳು. ತಾತ ತೀರಿಹೋದ ಬೆಳಿಗ್ಗೆ ಅವಳು ಊರಲ್ಲಿರಲಿಲ್ಲ. ಕಾಲೇಜಿನವರ ಜೊತೆ ಪ್ರವಾಸ ಹೋದವಳು ಬರುವ ಹೊತ್ತಿಗೆ ದಹನವೂ ಮುಗಿದಿತ್ತು. ಮುಖ ನೋಡಲಾಗಲಿಲ್ಲ ಅನ್ನುವ ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ಗೊತ್ತಾಗದೆ ಮನೆಯಲ್ಲೆಲ್ಲ ತೀರಿಸುತ್ತಿದ್ದಳು. ಮೆರವಣಿಗೆಯಲ್ಲಿ ಅವಳನ್ನೇ ಮುಂದೆ ನಿಲ್ಲಿಸಿದ್ದರು. ಕೂಗಿ ಕೂಗಿ ಗಂಟಲು ಒಡೆದಿತ್ತು.

ಹಿಂದಿನ ಬಾಗಿಲಿಂದ ಬೂಟಣ್ಣ ಚಹಾ ತಂದ. ಅವಳು ಸಣ್ಣವಳಿದ್ದಾಗಿಂದ ಅದೇ ಪದ್ಧತಿ: ಗಂಟಲು ಕೆಟ್ಟರೆ ಶುಂಠಿ ಜಜ್ಜಿ ಹಾಕಿದ ಚಹಾ, ಬೂಟಣ್ಣನ ಕೈಯದೇ ಆಗಬೇಕು.

"ಕುಡೀರಿ ಪುಟ್ಟಮ್ಮ. ಬಿಸಿ ಇದೆ."

"ಇಡು ಬೂಟಣ್ಣ."

ಅವನು ಮೇಜಿನ ಮೇಲಿಟ್ಟು ಗೋಡೆಯ ಹತ್ತಿರ ನಿಂತ. ಅವಳು ಮೊಬೈಲ್ ನೋಡುತ್ತಿದ್ದಳು. ಚಹಾದ ಮೇಲೆ ಕೆನೆ ಕಟ್ಟಿತು.

"ಆರತ್ತೆ, ಪುಟ್ಟಮ್ಮ."

"ಆಮೇಲೆ ಕುಡೀತೀನಿ."

ಅವನು ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಲೋಟ ಎತ್ತಿಕೊಂಡ. ಅಡುಗೆಮನೆಯ ಸಿಂಕಿಗೆ ಚೆಲ್ಲಿದ. ನಲ್ಲಿ ತಿರುಗಿಸಲು ಕೈ ಚಾಚಿದವನು ತಡೆದ; ತೊಳೆಯಲೋ ಬೇಡವೋ ಅಂತ ಅವನ ಕೈ ನಲ್ಲಿಯ ಹತ್ತಿರವೇ ನಿಂತದ್ದನ್ನು ಸೊಸೆ ತರಕಾರಿ ಹೆಚ್ಚುತ್ತ ನೋಡಿದಳು. ಕೊನೆಗೆ ಲೋಟವನ್ನು ಹಾಗೇ ಸಿಂಕಿನಲ್ಲಿಟ್ಟು ಹಿಂದಿನ ಬಾಗಿಲಿಂದ ಹೊರಟುಹೋದ. ಆ ಮನೆಯಲ್ಲಿ ಅವನು ತೊಳೆಯದೆ ಬಿಟ್ಟ ಮೊದಲ ಲೋಟ ಅದು.

ಅವಳು ಚಾಕು ಕೆಳಗಿಟ್ಟು ಹೊರಗೆ ಬಂದಳು.

"ಯಾಕೆ ಕುಡೀಲಿಲ್ಲ?"

"ಬೇಡ ಅನ್ನಿಸ್ತು."

"ನನ್ನ ಮುಖ ನೋಡಿ ಹೇಳು."

ಮಗಳು ಮೊಬೈಲ್ ಕೆಳಗಿಟ್ಟಳು. "ಅಮ್ಮ, ತಾತನಿಗೆ ಎಷ್ಟು ಸಲ ಹಾಗಾಗಿಲ್ಲ? ಪ್ರತಿ ಸಲ ಎದ್ದು ಕೂರ್ತಿರಲಿಲ್ವಾ? ಆವತ್ತೇ ಯಾಕೆ ಏಳಲಿಲ್ಲ? ಸರಿಯಾಗಿ ಆ ವಾರವೇ?"

"ನಾನು ಅಲ್ಲೇ ಇದ್ದೆ. ನನ್ನ ಎದುರಿಗೇ ಹೋದರು."

"ಚಹಾ ಮಾಡುವಾಗ ಅಡುಗೆಮನೇಲಿದ್ಯಾ?"

"ಇಲ್ಲ."

"ಮತ್ತೆ?"

"ಮತ್ತೆ ಏನು ಮತ್ತೆ? ನಿನ್ನನ್ನ ಹೆಗಲ ಮೇಲೆ ಕೂರಿಸಿ ಶಾಲೆಗೆ ಕರ್ಕೊಂಡು ಹೋದವನು ಅವನು!"

"ನನಗೂ ಗೊತ್ತು!" ಮಗಳ ಒಡೆದ ಗಂಟಲಿಂದ ದನಿ ಸರಿಯಾಗಿ ಹೊರಡಲಿಲ್ಲ. "ಗೊತ್ತಿದ್ರೂ ಆ ಲೋಟ ನೋಡಿದಾಗ ಹೆದರಿಕೆ ಆಯ್ತು. ನಾನೇನು ಮಾಡ್ಲಿ? ಅಪ್ಪ ಒಂದು ಹೇಳ್ತಾರೆ, ಅಜ್ಜಿ ಬಾಯೇ ಬಿಡಲ್ಲ, ನೀನು ಮೇಣ ಕೆರೀತಾ ಇರ್ತೀಯ. ಊರವರಾದ್ರೂ ಏನೋ ಒಂದು ಹೇಳ್ತಾರೆ."

ಸೊಸೆ ಒಳಗೆ ಹೋಗಿ ಸಿಂಕಿನ ಲೋಟ ತೊಳೆದಳು.

ಸಮಿತಿಯವರು ಸಾವಿಗೆ ತಿಂಗಳು ತುಂಬುವ ದಿನ ದೊಡ್ಡ ಸಭೆ ಇಟ್ಟಿದ್ದರು. ಅದಕ್ಕೂ ಮುಂಚೆ ಆಯೋಗದ ಮುಂದೆ ಸೊಸೆಯ ಹೇಳಿಕೆ. ಕಾಗದ ಬಂದ ದಿನ ಗಂಡ ಆಫೀಸಿನಿಂದ ಬೇಗ ಬಂದ. ಸಾಕ್ಸು ಬಿಚ್ಚುತ್ತಲೇ ಪಾಠ ಶುರುಮಾಡಿದ.

"ಅವರು ಫೋನಿನ ವಿಷಯ ಕೇಳ್ತಾರೆ. ನೀನು ಹೇಳಬೇಕಾದ್ದು ಇಷ್ಟೇ: ನಾನು ಅಡುಗೆಮನೇಲಿದ್ದೆ, ಸ್ನಾನಕ್ಕೆ ಹೋಗಿದ್ದಾರೆ ಅಂತ ಬೂಟಣ್ಣ ಹೇಳಿದ, ಅದನ್ನೇ ನಾನು ಫೋನಲ್ಲಿ ಹೇಳಿದೆ."

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ಅವನು ಹಾಗೆ ಹೇಳಲಿಲ್ಲವಲ್ಲ."

"ಹೇಳಿದ ಅಂದ್ರೆ ನೀನು ಪಾರು. ಊರವರು ನಿನ್ನ ಬಗ್ಗೆ ಏನಂತಾರೆ ಅಂತ ನಿನಗೆ ಗೊತ್ತಿಲ್ಲ."

"ಗೊತ್ತು. ಮುಖದ ಮೇಲೇ ಹೇಳಿದ್ದಾರೆ."

"ಮತ್ತೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ನಾನು."

"ರೀ, ಕಾಯಿಲೆ ಇತ್ತು ಅಂತ ಹೇಳಿಬಿಡೋಣ. ನೀವೇ ಹೇಳಿ. ಅಪ್ಪ ಬೇಡ ಅಂದಿದ್ರು, ಅದಕ್ಕೆ ಹೇಳಲಿಲ್ಲ ಅನ್ನಿ."

"ಈಗಾ?" ಗಂಡ ಸಾಕ್ಸನ್ನು ಮೂಲೆಗೆಸೆದ. "ಈಗ ಹೇಳಿದ್ರೆ ಏನಾಗತ್ತೆ ಅಂತ ಯೋಚನೆ ಮಾಡಿದ್ದೀಯಾ? ಎರಡು ವರ್ಷ ಎದೆನೋವಿದ್ದ ಮನುಷ್ಯನಿಗೆ ಯಾಕೆ ಡಾಕ್ಟರನ್ನ ತೋರಿಸಲಿಲ್ಲ ಅಂತಾರೆ. ಆವತ್ತು ಬೆಳಿಗ್ಗೆ ಮೂರು ಜನ ಸುತ್ತ ಕೂತು ಏನು ಮಾಡ್ತಿದ್ರಿ ಅಂತಾರೆ. ಫೋನ್ ಬಂತಲ್ಲ, ಅದೇ ಫೋನಲ್ಲಿ ಡಾಕ್ಟರನ್ನ ಕರೀಬಹುದಿತ್ತಲ್ಲ ಅಂತಾರೆ. ಯಾರು ಫೋನ್ ಎತ್ತಿದ್ದು? ನೀನು!"

ಅವಳ ಕೈ ಬಟ್ಟೆಯ ಮೇಲೆ ನಿಂತಿತು.

ಗಂಡನಿಗೂ ಮಾತು ಜಾಸ್ತಿಯಾಯಿತು ಅನ್ನಿಸಿರಬೇಕು. ಮಂಚದ ತುದಿಗೆ ಕೂತ. "ಜೀವಮಾನದಲ್ಲಿ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದು ನೆನಪಿಲ್ಲ ಕಣೇ. ಈಗ ಬೀದೀಲಿ ಹೋಗೋರೆಲ್ಲ ಇಡ್ತಾರೆ. ಸೇತುವೇಲಿ ಮಗನನ್ನ ಕಳ್ಕೊಂಡ ಮುದುಕಿಯೊಬ್ಬಳು ನಿನ್ನೆ ನನ್ನ ಕೈ ಹಿಡ್ಕೊಂಡು ಅತ್ತಳು. ಅಪ್ಪನಿಗೆ ಬರೀ ಎದೆನೋವು, ಮನೆಗೆ ಹೋಗಮ್ಮ ಅಂತ ಅವಳಿಗೆ ಹೇಗೆ ಹೇಳ್ಲಿ?"

ಅದು ಸುಳ್ಳಾಗಿರಲಿಲ್ಲ. ಅವಳು ಮಡಿಸಿದ ಬಟ್ಟೆ ಅವನ ಪಕ್ಕಕ್ಕಿಟ್ಟಳು.

"ಬೂಟಣ್ಣ?"

"ಅವನಿಗೆ ಏನೂ ಆಗಲ್ಲ. ಸಾಕ್ಷಿ ಎಲ್ಲಿದೆ? ಸ್ವಲ್ಪ ದಿನ ಬೇರೆ ಕಡೆ ಇರಲಿ ಅಂತ ಹೇಳಿದ್ದೀನಿ. ಅವನು ಇಲ್ಲೇ ಇದ್ರೆ, ಕೊಂದವನನ್ನೇ ಮನೇಲಿಟ್ಟುಕೊಂಡಿದ್ದೀರಲ್ಲ ಅಂತ ಸಮಿತಿಯವರು ಕೇಳ್ತಾರೆ."

"ಹೇಳಿಬಿಟ್ರಾ?"

"ಬೆಳಿಗ್ಗೆ."

"ಏನಂದ?"

"ಏನಂತಾನೆ? ಸರಿ ಅಂದ. ಸೆಲ್ಯೂಟ್ ಹೊಡೆದ." ಗಂಡ ನೆಲ ನೋಡಿದ. "ನನಗೆ ಯಾವತ್ತೂ ಹೊಡೆದಿರಲಿಲ್ಲ."

ಹೇಳಿಕೆಯ ಹಿಂದಿನ ದಿನ ಮಧ್ಯಾಹ್ನ ಕೈಗಾಡಿ ಬಂತು. ಸೊಸೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಕೆಳಗೆ ಬೂಟಣ್ಣನೂ ಗಾಡಿಯವನೂ ಯಂತ್ರವನ್ನು ಎತ್ತಿ ಗಾಡಿಯ ಮೇಲಿಟ್ಟರು. ಹೆಂಡತಿ ಅದಕ್ಕೆ ಹಾಸಿಗೆ ಸುತ್ತಿ ಹಗ್ಗ ಬಿಗಿದಳು. ಎರಡು ಪೆಟ್ಟಿಗೆ, ಪಾತ್ರೆಯ ಚೀಲ, ಒಂದು ಸ್ಟವ್. ಇಷ್ಟು ವರ್ಷದ ಸಂಸಾರ ಒಂದು ಗಾಡಿ ತುಂಬಲಿಲ್ಲ.

ಎದುರು ಮನೆಯ ಬಾಗಿಲಲ್ಲಿ ಜನ ನಿಂತಿದ್ದರು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. ಹುಡುಗನೊಬ್ಬ ಕೂಗಿದ: "ಬೂಟಣ್ಣಾ, ಒಂದು ಚಹಾ!"

ನಗು ಎದ್ದಿತು. ಬೂಟಣ್ಣ ತಿರುಗಿ ನೋಡಲಿಲ್ಲ. ಹೆಂಡತಿ ನೋಡಿದಳು. ಬೈಯಲು ಬಾಯಿ ತೆರೆದವಳು ಗಂಡನ ಬೆನ್ನು ನೋಡಿ ಮುಚ್ಚಿದಳು. ಗಾಡಿ ಹೊರಟಿತು. ಇಳಿಜಾರಿನಲ್ಲಿ ಅವನು ಹಿಂದಿನಿಂದ ಹಗ್ಗ ಹಿಡಿದು ತಡೆಯುತ್ತ ನಡೆದ. ಅವಳು ಪಕ್ಕದಲ್ಲಿ, ಯಂತ್ರದ ಮೇಲೆ ಕೈಯಿಟ್ಟುಕೊಂಡು.

ಸೊಸೆ ಬಕೆಟ್ಟಿನಲ್ಲಿ ಉಳಿದ ಬಟ್ಟೆಯನ್ನೂ ಹರವಿದಳು. ದಿಂಬಿನ ಚೀಲದ ಮೂಲೆಗಳನ್ನು ಎಳೆದು ಸರಿಮಾಡಿದಳು. ಗಂಡ ಕೇಳಿದ್ದು ಸರಿಯಾದ ಪ್ರಶ್ನೆಯೇ. ಫೋನ್ ಕೈಯಲ್ಲಿತ್ತು, ಡಾಕ್ಟರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ನಾಳೆ ಕಾಯಿಲೆ ಇತ್ತು ಅಂದರೆ ಆಯೋಗದವರೂ ಅದನ್ನೇ ಕೇಳುತ್ತಾರೆ, ಪೇಪರಿನವರು ಬರೆಯುತ್ತಾರೆ, ಮಗಳು ಓದುತ್ತಾಳೆ. ಕೇಳಲಿ. ಕೇಳಿದರೆ ಅವಳ ಹತ್ತಿರ ಉತ್ತರವಾದರೂ ಇತ್ತು.

ಕೆಳಗಿಳಿದು ಬಂದು ಅಡುಗೆಮನೆ ಸೇರಿದಳು. ದೊಡ್ಡ ಪಾತ್ರೆ ಇಳಿಸಿದಳು. ಆಲೂಗಡ್ಡೆ ಬೇಯಲಿಟ್ಟಳು, ಮೊಟ್ಟೆ ಬೇಯಲಿಟ್ಟಳು, ಅನ್ನಕ್ಕೆ ಅಕ್ಕಿ ತೊಳೆದಳು. ಬೆಂದದ್ದನ್ನು ಡಬ್ಬಿಗಳಿಗೆ ತುಂಬಿ, ಅತ್ತೆಯ ಪಥ್ಯದ್ದು ಬೇರೆ, ಮಗಳಿಗೆ ಖಾರದ್ದು ಬೇರೆ ಮಾಡಿ ಫ್ರಿಜ್ಜಿನಲ್ಲಿ ಜೋಡಿಸಿದಳು.

ಅತ್ತೆ ನೀರಿಗೆಂದು ಬಂದವರು ಫ್ರಿಜ್ಜಿನ ಬಾಗಿಲು ಹಿಡಿದು ನಿಂತರು. "ಇಷ್ಟೊಂದು ಯಾಕೆ? ಯಾರಾದರೂ ಬರ್ತಾರಾ?"

"ಇಲ್ಲ ಅತ್ತೆ. ನಾಳೆ ಆಯೋಗದಿಂದ ಬರೋದು ತಡ ಆದ್ರೆ ಇರಲಿ ಅಂತ."

"ಒಂದು ಮಾತು ಹೇಳಿ ಬರೋಕೆ ಎಷ್ಟು ಹೊತ್ತು?"

"ಹೇಳೋಕಾಗಲ್ಲ," ಅಂದಳು. ಒಲೆಯ ಉರಿ ತಗ್ಗಿಸಿದಳು. "ಮೇಲಿನ ಡಬ್ಬಿ ನಿಮ್ಮದು. ಬಿಸಿ ಮಾಡ್ಕೊಂಡು ತಿನ್ನಿ."

ಅತ್ತೆ ಅವಳನ್ನೇ ನೋಡುತ್ತಿದ್ದರು. ನಡುಮನೆಯಲ್ಲಿ ಸಮಿತಿಯವರು ಕುರ್ಚಿ ಎಳೆದ ಸದ್ದಾಯಿತು. ಗಂಡ ಚಹಾ ಕೇಳಿದ. ಅವಳು ಉಳಿದ ಡಬ್ಬಿಗಳಿಗೆ ಮುಚ್ಚಳ ಹಾಕಿ, ಒಂದೊಂದನ್ನೂ ಅಂಗೈಯಿಂದ ಒತ್ತಿ ಬಿಗಿ ಮಾಡಿದಳು.